ಸ್ಪಷ್ಟನೆ: ಆರ್ಡರ್ ರಿಲೀಸ್ ಮಾಡಿದರೆ ಸ್ಟಾಕ್ ಇಳಿಯುವುದಿಲ್ಲ

ಕಂಪನಿಯ ಸ್ಟಾಕ್, ಉತ್ಪಾದನೆ, ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಸ್ಯಾಪ್‌ನಲ್ಲಿ ಪ್ರೊಡಕ್ಷನ್ ಆರ್ಡರ್ ರಿಲೀಸ್ ಮಾಡಿದ (ಕೆಲಸ ಶುರುವಿಗೆ ಬಿಟ್ಟ) ಕೂಡಲೇ ಕಚ್ಚಾಮಾಲು ಸ್ಟಾಕಿನಿಂದ ಕಳೆಯುತ್ತದೆ ಎಂಬ ಮಾತು ಓಡಾಡುತ್ತಿದೆ. ತಪ್ಪು. ಆರ್ಡರ್ ಸೇವ್ ಆದಾಗ ಹುಟ್ಟುವುದು ರಿಸರ್ವೇಷನ್, ಅಂದರೆ ಇಷ್ಟು ಮಾಲು ಬೇಕೆಂಬ ಕಾಯ್ದಿರಿಸುವಿಕೆ. ರಿಲೀಸ್ ಆದ ಮೇಲೆ ಮಾಲು ಇಶ್ಯೂ ಮಾಡಬಹುದು, ಅಷ್ಟೇ. ಸ್ಟಾಕ್ ಇಳಿಯುವುದು 261 (ಆರ್ಡರಿಗೆ ಮಾಲು ಇಶ್ಯೂ ಮಾಡುವ ಎಂಟ್ರಿಯ ಕೋಡ್) ಪೋಸ್ಟ್ ಆದಾಗ. ಅದನ್ನು ಸ್ಟೋರಿನವರು ಮಾಡುತ್ತಾರೆ, ಬ್ಯಾಕ್‌ಫ್ಲಷ್ (ತಾನಾಗಿಯೇ ಇಶ್ಯೂ ಆಗುವ ಸೆಟ್ಟಿಂಗ್) ಇದ್ದರೆ ಕನ್ಫರ್ಮೇಷನ್, ಅಂದರೆ ಇಷ್ಟು ಪೀಸ್ ಆಯಿತು ಎಂಬ ಎಂಟ್ರಿ, ಜೊತೆಗೇ ಆಗುತ್ತದೆ.

ನಿಜವಾದ ತಲೆನೋವು ಈ ಬ್ಯಾಕ್‌ಫ್ಲಷ್‌ನಲ್ಲೇ. ಪೀಸಿಗೆ 2 ಬೋಲ್ಟ್‌ನಂತೆ 100 ಪೀಸ್ ಕನ್ಫರ್ಮ್ ಮಾಡಿದಿರಿ ಎನ್ನಿ. ಆ ಸ್ಟೋರೇಜ್ ಲೊಕೇಶನ್‌ನಲ್ಲಿ ಲೆಕ್ಕಕ್ಕಿರುವುದು 150 ಬೋಲ್ಟ್. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕನ್ಫರ್ಮೇಷನ್ ಸದ್ದಿಲ್ಲದೆ ಸೇವ್ ಆಗುತ್ತದೆ, ಬೋಲ್ಟ್‌ನ 261 ಮಾತ್ರ ಸಿಒಜಿಐಯಲ್ಲಿ (ಪೋಸ್ಟ್ ಆಗದೆ ಉಳಿದ ಎಂಟ್ರಿಗಳ ಪಟ್ಟಿ) ಸಿಕ್ಕಿಕೊಳ್ಳುತ್ತದೆ. ಬಹುಪಾಲು ಕಾರಣ, ಮಾಲು ಪ್ರೊಡಕ್ಷನ್ ಲೈನಿಗೆ ಹೋಗಿದೆ, 311 ವರ್ಗಾವಣೆ (ಒಂದು ಸ್ಟೋರೇಜ್ ಲೊಕೇಶನ್‌ನಿಂದ ಇನ್ನೊಂದಕ್ಕೆ ಸಾಗಿಸಿದ ಎಂಟ್ರಿ) ಹಾಕಿಲ್ಲ. ಅದನ್ನು ಹಾಕಿ, ಸಿಒಜಿಐಯಲ್ಲಿ ಮತ್ತೆ ಪೋಸ್ಟ್ ಮಾಡಿ; ತಿಂಗಳ ಕೊನೆಯವರೆಗೆ ಬಿಟ್ಟರೆ ಬೋಲ್ಟ್ ಲೆಕ್ಕ ಸೇರದೆ ಆರ್ಡರಿನ ವೆಚ್ಚವೂ ಕಡಿಮೆ ತೋರುತ್ತದೆ.