ಸ್ಪಷ್ಟನೆ: ಆ ಅಜ್ಜ-ಅಜ್ಜಿಗೆ ಸಂಬಳ ಬರುವುದಿಲ್ಲ

ಎದೆ ಮೇಲೆ ಕಪ್ಪು ನೇಮ್‌ ಪ್ಲೇಟ್ ಹಾಕಿಕೊಂಡು ಧರ್ಮಸೇವೆಗೆಂದು ವಿದೇಶದಲ್ಲಿ ಓಡಾಡುವ ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಚರ್ಚ್) ವೃದ್ಧ ದಂಪತಿ ಬಗ್ಗೆ ಒಂದು ಮಾತು ಹರಿದಾಡುತ್ತಿದೆ: 'ಚರ್ಚ್ ಸಂಬಳ ಕೊಡುತ್ತೆ, ಇವರು ದಿನವಿಡೀ ಮನೆಮನೆ ಬಾಗಿಲು ತಟ್ಟುತ್ತಾರೆ.' ಎರಡೂ ತಪ್ಪು.

ಸಂಬಳ ಇಲ್ಲ. ಊಟ, ಬಾಡಿಗೆ ಎಲ್ಲಾ ಇವರದ್ದೇ ಉಳಿತಾಯ, ಪೆನ್ಶನ್‌ನಿಂದ. ಚರ್ಚ್ ನೆರವು ಇಲ್ಲವೇ ಇಲ್ಲ ಅಂತಲೂ ಅಲ್ಲ. 2011ರಲ್ಲಿ ದಂಪತಿ ಭರಿಸುವ ಮನೆ ಖರ್ಚಿಗೆ ತಿಂಗಳಿಗೆ 1,400 ಡಾಲರ್ ಮಿತಿ ಹಾಕಿ, ಅದಕ್ಕಿಂತ ಜಾಸ್ತಿಯಾದರೆ ಉಳಿದದ್ದನ್ನು ಚರ್ಚ್ ನೋಡಿಕೊಳ್ಳುವ ವ್ಯವಸ್ಥೆ ಮಾಡಿತು.

ಬಾಗಿಲು ತಟ್ಟುವುದು ಮುಖ್ಯವಾಗಿ ಹದಿನೆಂಟು-ಇಪ್ಪತ್ತರ ಹುಡುಗ ಹುಡುಗಿಯರ ಕೆಲಸ. ಹಿರಿಯರ ದಿನ ಬೇರೆಯೇ. ಆಫೀಸಿನಲ್ಲಿ ಕೂತು ವೀಸಾ ಕಾಗದ, ಬಾಡಿಗೆ ಕರಾರು, ಕಾರಿನ ಲೆಕ್ಕ ನೋಡುತ್ತಾರೆ. ಕೆಲವರಿಗೆ ಬಾವಿ, ಗಾಲಿಕುರ್ಚಿಯಂಥ ನೆರವಿನ ಕೆಲಸ. ಇನ್ನು ಆ ಹುಡುಗರ ರೂಮಿಗೆ ಹೋಗಿ ಫ್ರಿಜ್ ತೆಗೆದು ನೋಡುವುದು, ಸಿಂಕ್ ತೊಳೆದಿದ್ದಾರಾ ಅಂತ ಕೇಳುವುದೂ ಉಂಟು. ಥೇಟ್ ಹಾಸ್ಟೆಲ್ ವಾರ್ಡನ್ನೇ, ಅಲ್ವಾ!

ಇನ್ನೊಂದು ಗೊಂದಲ ಪ್ಲೇಟಿನ ಮೇಲಿರುವ 'ಎಲ್ಡರ್' ಪದದ್ದು. ಇಂಗ್ಲಿಷ್‌ನಲ್ಲಿ 'ಹಿರಿಯ' ಅಂತ ಅರ್ಥವಾದರೂ, ಇಲ್ಲಿ ಅದು ಬಿರುದು, ವಯಸ್ಸಿನ ಲೆಕ್ಕ ಅಲ್ಲ. ಹತ್ತೊಂಬತ್ತರ ಹುಡುಗನೂ ಎಲ್ಡರ್, ಎಪ್ಪತ್ತರ ಅಜ್ಜನೂ ಎಲ್ಡರ್. ಅಜ್ಜಿ ಮಾತ್ರ 'ಸಿಸ್ಟರ್'. ಅದನ್ನು ನೋಡಿ ಸನ್ಯಾಸಿನಿ ಅಂದುಕೊಂಡವರೂ ಇದ್ದಾರೆ. ಪಕ್ಕದಲ್ಲಿ ನಿಂತಿರುವುದು ಅವರ ಗಂಡ!

'ಯಾವ ಊರಿಗೆ ಹೋಗಬೇಕು ಅಂತ ಇವರೇ ಆರಿಸಿಕೊಳ್ಳುತ್ತಾರೆ' ಅನ್ನುವ ಇನ್ನೊಂದು ಮಾತು ಮಾತ್ರ ಸ್ವಲ್ಪ ನಿಜ. ಇಷ್ಟ ಹೇಳಬಹುದು, ಆದರೆ ಕೊನೆಯ ನಿರ್ಧಾರ ಚರ್ಚ್‌ನದ್ದೇ.