ಎನ್ವಿಯಸ್ ಫ್ಲಾಟು

ಬೆಳಗ್ಗೆ ಕುಕ್ಕರ್ ಕೂಗುವ ಹೊತ್ತಿಗೇ ಫ್ಯಾಮಿಲಿ ಗ್ರೂಪಿನಲ್ಲಿ ಅತ್ತಿಗೆಯ ವಾಯ್ಸ್ ಮೆಸೇಜು. "ನಮ್ಮ ಹೊಸ ಫ್ಲಾಟು ವೆರಿ ಎನ್ವಿಯಸ್ ಲೊಕೇಶನ್ನಲ್ಲಿದೆ. ಮೆಟ್ರೋಗೆ ನಡೆದೇ ಹೋಗಬಹುದು." ಕೆಳಗೆ ಸಾಲಾಗಿ ಹೆಬ್ಬೆಟ್ಟು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಇದಕ್ಕೆಲ್ಲ ಕಾರಣ ಹತ್ತನೇ ಕ್ಲಾಸಿನ ಅಣ್ಣನ ಮಗಳು. ಮೊದಲು ಅತ್ತಿಗೆಯ ಬಾಯಲ್ಲಿ ಇದ್ದದ್ದು ಜೆಲಸ್ ಒಂದೇ. ಅದೂ ಜ್ವರದ ಹಾಗೆ. ಓರಗಿತ್ತಿಗೆ ಜೆಲಸ್ ಬರುತ್ತಿತ್ತು, ಪಕ್ಕದ ಮನೆಯವರಿಗೆ ಜಾಸ್ತಿಯಾಗುತ್ತಿತ್ತು, ನನಗಂತೂ ಬಿಟ್ಟು ಬಿಟ್ಟು ಬರುತ್ತಿತ್ತು. ಮಗಳಿಗೆ ತಡೆಯಲಿಲ್ಲ. "ಅಮ್ಮಾ, ಅದು ಅಡ್ಜೆಕ್ಟಿವ್. ನಮ್ಮದು ಕೈತಪ್ಪುತ್ತೆ ಅನ್ನೋ ಭಯ ಇದ್ರೆ ಜೆಲಸ್. ಇನ್ನೊಬ್ಬರದ್ದು ನಮಗೂ ಬೇಕು ಅನ್ಸಿದ್ರೆ ಎನ್ವಿಯಸ್." ಅತ್ತಿಗೆ ಅಷ್ಟನ್ನು ಹಿಡಿದುಕೊಂಡರು. ಎನ್ವಿಯಬಲ್ ಪಾಠ ಶುರುವಾಗುವಷ್ಟರಲ್ಲಿ ನೀರಿನ ಟ್ಯಾಂಕರಿನವನ ಫೋನು ಬಂತು.

ನೋಡಿದವರು ಆಸೆಪಡುವಂಥದ್ದು ಎನ್ವಿಯಬಲ್. ಆಸೆಪಟ್ಟು ಉರಿಯುವವರು ಎನ್ವಿಯಸ್. ಅಂದರೆ ಈಗ ಹೊಟ್ಟೆಕಿಚ್ಚು ಫ್ಲಾಟಿಗೇ! ಪಾಪ, ಯಾರನ್ನು ನೋಡಿ ಉರಿಯುತ್ತಿದೆಯೋ. ಎದುರಿನ ಅಪಾರ್ಟ್‌ಮೆಂಟೇ ಇರಬೇಕು. ಅವರಿಗೆ ಕಾವೇರಿ ನೀರು, ಇವರಿಗೆ ಟ್ಯಾಂಕರು. ಎದುರಿನ ಸಂಪು ತುಂಬುವ ಸದ್ದನ್ನು ಬಾಲ್ಕನಿ ರಾತ್ರಿಯೆಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ಲಿಫ್ಟು ಆಗಾಗ ಎರಡನೇ ಮಹಡಿಯಲ್ಲಿ ಮುನಿಸಿಕೊಂಡು ನಿಲ್ಲುವುದೂ ಇದಕ್ಕೇ ಏನೋ.

ಈ ಎನ್ವಿಯ ಮೂಲ ಲ್ಯಾಟಿನ್ನಿನ ಇನ್ವಿಡಿಯಾ. ಕೆಟ್ಟ ಕಣ್ಣಿನಿಂದ ನೋಡುವುದು ಅಂತ. ನಮ್ಮ ದೃಷ್ಟಿಯೇ ಅಲ್ವಾ? ಅತ್ತಿಗೆ ಬಾಗಿಲಿಗೆ ಬೂದುಗುಂಬಳ ಕಟ್ಟಿದ್ದಾರೆ. ಆದರೆ ಫ್ಲಾಟೇ ದೃಷ್ಟಿ ಹಾಕುತ್ತಿರುವಾಗ ಕುಂಬಳ ಕಟ್ಟಿಕೊಳ್ಳಬೇಕಾದವರು ಎದುರಿನವರು.

ಅತ್ತಿಗೆ ಮದುವೆಯಾಗಿ ನಮ್ಮ ಬಸವನಗುಡಿಯ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಇಷ್ಟೆಲ್ಲ ಇರಲಿಲ್ಲ. ನನ್ನ ಹೊಸ ಸೀರೆಯ ಸೆರಗು ಮುಟ್ಟಿ, "ಹೊಟ್ಟೆ ಉರಿಯುತ್ತೆ ಕಣೇ" ಅಂತ ನಗುತ್ತಿದ್ದರು. ಮಾರನೇ ದಿನ ಅದನ್ನೇ ಉಟ್ಟು ಹೊರಡುತ್ತಿದ್ದರು. ಈಗ ಸೀರೆ ಕೇಳುವುದಿಲ್ಲ. ಲೊಕೇಶನ್ ಕಳಿಸುತ್ತಾರೆ.

ಭಾನುವಾರ ಊಟಕ್ಕೆ ಕರೆದಿದ್ದಾರೆ. "ಯೆಲ್ಲೋ ಲೈನ್ ಹಿಡಿದು ಸಿಂಗಸಂದ್ರದಲ್ಲಿ ಇಳಿ, ಅಷ್ಟೇ" ಅಂದರು. 2025ರ ಆಗಸ್ಟಿನಲ್ಲಿ ಆ ಲೈನು ಶುರುವಾದಾಗಿನಿಂದ ಅವರಿಗೆ ಇಡೀ ಬೆಂಗಳೂರೇ ಯೆಲ್ಲೋ ಲೈನು. ನಾನಿರುವುದು ಬೆಳ್ಳಂದೂರಿನಲ್ಲಿ. ಅದನ್ನು ಹಿಡಿಯಲು ಮೊದಲು ಸಿಲ್ಕ್ ಬೋರ್ಡ್‌ವರೆಗೆ ಬಸ್ಸಿನಲ್ಲಿ ತೆವಳಬೇಕು.

"ಬರ್ತೀನಿ ಅತ್ತಿಗೆ, ಬರುವಾಗ ಎರಡು ಕ್ಯಾನ್ ನೀರು ತರಲಾ?" ಅಂತ ಗ್ರೂಪಿನಲ್ಲೇ ಹಾಕಿದೆ.