ಮೀನು ನೋಡಿ ನರ್ಸಿಂಗ್ ಹೋಮ್

ನಮ್ಮ ಬೆಳಗಾವಿ ಕಡೆ ಎಮ್ಮೆ ಕೊಳ್ಳುವವನನ್ನು ನೋಡಿದ್ದೀರಾ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಕೆಚ್ಚಲು ಮುಟ್ಟುತ್ತಾನೆ. ಎರಡು ಹೊತ್ತು ಎದುರಿಗೇ ಹಾಲು ಹಿಂಡಿಸಿ ಅಳೆಯುತ್ತಾನೆ. ಮಾರುವವನ ಮಾತನ್ನು ಒಂದನ್ನೂ ನಂಬುವುದಿಲ್ಲ. ಅದೇ ಮನುಷ್ಯ ಹೆತ್ತ ತಾಯಿಯನ್ನು ನರ್ಸಿಂಗ್ ಹೋಮಿಗೆ ಸೇರಿಸುವಾಗ ಪಾರ್ಕಿಂಗ್ ನೋಡುತ್ತಾನೆ.

ಪಾರ್ಕಿಂಗ್ ಒಂದೇ ಅಲ್ಲ, ಅನ್ಯಾಯ ಮಾಡಬಾರದು. ಪಾಳಿಯನ್ನೂ ನೋಡುತ್ತಾನೆ. ಹೊರಗೆ ಜನ ಜಾಸ್ತಿ ಇದ್ದರೆ ಡಾಕ್ಟರ್ ಶಾಣ್ಯಾ ಅಂತಲೇ ಲೆಕ್ಕ. ಹತ್ತು ಗಂಟೆಯ ಓಪಿಡಿಗೆ ಡಾಕ್ಟರು ಒಂದು ಗಂಟೆಗೆ ಬಂದರೆ ಯಾವ ದವಾಖಾನೆಯ ಮುಂದೆಯೂ ಜಾತ್ರೆ ಸೇರುತ್ತದೆ. ಇದನ್ನು ಯಾರೂ ಯೋಚಿಸುವುದಿಲ್ಲ. ಹೇಳಿದ ಹೊತ್ತಿಗೆ ಬಂದು, ಕೂರಿಸಿ ಮಾತಾಡಿಸಿ, ಪಾಳಿ ಬೇಗ ಕರಗಿಸುವ ಪಾಪದ ಡಾಕ್ಟರಿಗೆ 'ನೊಣ ಹೊಡಿತಾನ' ಅನ್ನುವ ಹೆಸರು ಖಾಯಂ.

ಆಮೇಲೆ ಸಲಾಯಿನ್. ಎರಡು ಗುಳಿಗೆ ಬರೆದು 'ಮನೆಗೆ ಹೋಗಿ ಮಲಗ್ರಿ, ನೀರು ಕುಡೀರಿ' ಅಂದ ಡಾಕ್ಟರು ನಮ್ಮಲ್ಲಿ ಉದ್ಧಾರವಾದ ಉದಾಹರಣೆ ಕಡಿಮೆ. ಬಂದವರಿಗೆಲ್ಲ ಸಲಾಯಿನ್ ಹಚ್ಚುವವನ ಕೈಗುಣ ಮಾತ್ರ ಸವದತ್ತಿ, ಬೈಲಹೊಂಗಲದವರೆಗೂ ಹಬ್ಬುತ್ತದೆ.

ಈಗ ಹೊಸದಾಗಿ ಇನ್ನೊಂದು ಸೇರಿದೆ. ಅಕ್ವೇರಿಯಂ. ರಿಸೆಪ್ಶನ್ನಿನಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣದ ಮೀನು, ಮೇಲೆ ಗುಳುಗುಳು ಗುಳ್ಳೆ. ಮೀನು ಸಾಕುವಷ್ಟು ಅನುಕೂಲ ಇದ್ದವರು ಮನುಷ್ಯರನ್ನೂ ಉಳಿಸಿಯಾರು ಅಂತ ಇರಬೇಕು.

ನಮ್ಮ ಕಾಕಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಾಗ ಆಯ್ಕೆ ನಡೆದದ್ದು ಹೀಗೇ. ಚನ್ನಮ್ಮ ವೃತ್ತದ ಹತ್ತಿರ ಗಾಡಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕಾಕಿ ನರಳುತ್ತಿರುವಾಗಲೇ ಸಭೆ ಕೂಡಿತು. ಮಾವನಿಗೆ ಒಂದು ದವಾಖಾನೆ ಬೇಕು, ಅಲ್ಲಿ ಅವನ ಬೀಗರ ಪಿತ್ತದ ಹರಳು ತೆಗೆದಿದ್ದರು. ಕಾಕಿಯದು ಎಲುಬು ಅಂತ ನಾನು ನೆನಪಿಸಿದೆ. 'ಡಾಕ್ಟರ್ ಕೈಗುಣ ಚೊಲೋ ಐತಿ ತಮ್ಮಾ, ಹರಳಾದ್ರೇನು ಎಲುಬಾದ್ರೇನು' ಅಂದ. ಡ್ರೈವರಿಗೆ ಇನ್ನೊಂದು ಬೇಕು, ಯಾಕೆ ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಗೆದ್ದದ್ದು ಊರಿನ ಡಾಕ್ಟರು ಕೊಟ್ಟ ಚೀಟಿ.

ಈ ಚೀಟಿ ಕೊಡುವವರನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಡೀ ಜಿಲ್ಲೆಯಲ್ಲಿ ನರ್ಸಿಂಗ್ ಹೋಮುಗಳನ್ನು ಒಂದೊಂದಾಗಿ ತೂಗಿ, ಹೋಲಿಸಿ, ಅಳೆದು ನೋಡಿದವರು ಅಂದರೆ ಇವರೊಬ್ಬರೇ. ಯಾರು ಎಷ್ಟು ಪರ್ಸೆಂಟ್ ಕೊಡುತ್ತಾರೆ ಅನ್ನುವುದು ಇವರಿಗೆ ಬಾಯಿಪಾಠ. ಆ ಡ್ರೈವರಿಗೂ ಅಷ್ಟೇ.

ಚೀಟಿ ಹಿಡಿದು ಹೋದೆವು. ಗಾಜಿನ ಕಟ್ಟಡ, ಅಕ್ವೇರಿಯಂ, ದೊಡ್ಡದೊಂದು ಗಣಪತಿ ಮೂರ್ತಿ. ಕಾಕಾ ಖುಷಿಯಾದರು. ಮೂಲೆಯಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು. ಆಸ್ಪತ್ರೆಯ ಕಸವನ್ನು ಬಣ್ಣ ನೋಡಿ ಬೇರೆ ಮಾಡಬೇಕು ಅಂತ 2016ರಿಂದ ನಿಯಮ ಇದೆ. ರಕ್ತ ಮೆತ್ತಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ನಳಿಗೆ ಕೆಂಪಿಗೆ, ಸೂಜಿ ಬಿಳಿಗೆ, ಗಾಜು ನೀಲಿಗೆ. ನಾನು ಮುಚ್ಚಳ ಎತ್ತಿ ಇಣುಕಿದೆ. ಹಳದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ, ಕೆಂಪಿನಲ್ಲಿಯೂ ಬಾಳೆಹಣ್ಣಿನ ಸಿಪ್ಪೆ. ಭೇದಭಾವ ಇಲ್ಲ. 'ಏನ ಬಣ್ಣ ಬಣ್ಣದ ಬಕೆಟ್ ಇಟ್ಟಾರ ನೋಡ, ಭಾಳ ಸ್ವಚ್ಛ ಐತಿ' ಅಂದರು ಕಾಕಾ.

ಕಾಕಿಯನ್ನು ಎರಡನೇ ಮಹಡಿಗೆ ಒಯ್ಯಬೇಕಿತ್ತು. ಲಿಫ್ಟ್ ಇತ್ತು. ಹೊಳೆಯುವ ಸ್ಟೀಲಿನ ಲಿಫ್ಟ್, ಒಳಗೆ ಕನ್ನಡಿ, ಮೆತ್ತಗೆ ಭಜನೆ ಬೇರೆ. ಸ್ಟ್ರೆಚರ್ ಮಾತ್ರ ಹಿಡಿಯುವುದಿಲ್ಲ. ಹಿಂದೆ ಯಾರದೋ ಮನೆಯಾಗಿದ್ದ ಕಟ್ಟಡಕ್ಕೆ ಮುಂದೆ ಗಾಜು ಮೆತ್ತಿದರೆ ಹೀಗೇ ಆಗುವುದು. ವಾರ್ಡ್ ಬಾಯ್ ಸ್ಟ್ರೆಚರನ್ನು ಅಡ್ಡ ಹಾಕಿ ನೋಡಿದ, ಉದ್ದ ಹಾಕಿ ನೋಡಿದ, ಕೊನೆಗೆ ಕಾಕಿಯನ್ನೇ 'ಅಜ್ಜಿ, ಸ್ವಲ್ಪ ಕಾಲು ಮಡಚ್ರಿ' ಅಂದ. ಸೊಂಟ ಮುರಿದವಳಿಗೆ! ಆಮೇಲೆ ಬೆಡ್‌ಶೀಟಿನಲ್ಲಿ ಮಲಗಿಸಿ, ನಾಲ್ಕು ಮೂಲೆ ನಾಲ್ವರು ಹಿಡಿದು ಮೆಟ್ಟಿಲು ಹತ್ತಿಸಿದರು. ಹಿಂದಿನ ಮೂಲೆ ನನ್ನದು. ಲಿಫ್ಟಿನಲ್ಲಿ ಆರಾಮಾಗಿ ಮೇಲೆ ಬಂದದ್ದು ನಮ್ಮ ಚೀಲ ಮತ್ತು ಮಾವ.

ನಾನು ಸುಮ್ನೆ ಇರಲಾರದೆ ಕೌಂಟರಿನಲ್ಲಿ ಕೇಳಿದೆ: 'ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಯಾವ ಡಾಕ್ಟರು ಇರ್ತಾರೆ?' ಹುಡುಗಿ ನನ್ನನ್ನು ಇನ್ಕಮ್ ಟ್ಯಾಕ್ಸಿನವನ ಹಾಗೆ ನೋಡಿದಳು. 'ಸರ್ ಫೋನ್ ಮ್ಯಾಲ ಇರ್ತಾರ್ರಿ.' ಸಿಸ್ಟರು ಎಷ್ಟು ಜನ? 'ಒಬ್ಬಾಕಿ ಇರ್ತಾಳ್ರಿ, ಭಾಳ ಹುಷಾರ್ ಅದಾಳ್ರಿ.' ನರ್ಸಿಂಗ್ ಕಲಿತವಳಾ? 'ಕಲಿಯಾಕತ್ತಾಳ್ರಿ.' ಯಾರ ಮೇಲೆ ಅಂತ ನಾನು ಕೇಳಲಿಲ್ಲ. ಅಷ್ಟರಲ್ಲಿ ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. 'ಹಂಗೆಲ್ಲ ಕೇಳಬಾರದೋ, ಡಾಕ್ಟರ್ ಬ್ಯಾಸರ ಮಾಡ್ಕೊಂಡಾರು.'

ದರಪಟ್ಟಿ ಅಂತ ಒಂದು ಇರುತ್ತದೆ. ಯಾವ ಸೇವೆಗೆ ಎಷ್ಟು ದುಡ್ಡು ಅಂತ ಬರೆದು ಜನರಿಗೆ ತಿಳಿಯುವಂತೆ ಇಡಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಎಲ್ಲರೂ ಕೆಪಿಎಂಇ ಅನ್ನುತ್ತಾರೆ. ಅದನ್ನು ಬಿಗಿ ಮಾಡಿದ ತಿದ್ದುಪಡಿ ಎಲ್ಲಿ ಪಾಸಾಯಿತು ಗೊತ್ತಲ್ವಾ? ನಮ್ಮೂರಲ್ಲೇ. 2017ರ ನವೆಂಬರ್, ಸುವರ್ಣ ವಿಧಾನಸೌಧ. ಆಗ ರಾಜ್ಯದ ಖಾಸಗಿ ಡಾಕ್ಟರುಗಳು ಓಪಿಡಿ ಮುಚ್ಚಿ ಸಾವಿರಗಟ್ಟಲೆ ಬೆಳಗಾವಿಗೆ ಬಂದು ಕೂತಿದ್ದರು. ಬೆಳಗಾವಿಯಲ್ಲಿ ಅಷ್ಟು ಡಾಕ್ಟರುಗಳು ಒಟ್ಟಿಗೆ ಇದ್ದು, ಒಬ್ಬರೂ ಸಿಗದ ವಾರ ಅದೊಂದೇ ಇರಬೇಕು. ಜಾಸ್ತಿ ದುಡ್ಡು ತೆಗೆದುಕೊಂಡರೆ ಜೈಲು ಅಂತ ಮಸೂದೆಯಲ್ಲಿ ಮೊದಲು ಇತ್ತು. ಗದ್ದಲ ಆದಮೇಲೆ ಜೈಲು ಬಿದ್ದುಹೋಯಿತು, ದಂಡ ಉಳಿಯಿತು. ಆದರೂ ಒಳ್ಳೆಯ ಮಾತು ಕೆಲವು ಉಳಿದವು. ತುರ್ತು ಇದ್ದಾಗ ಅಡ್ವಾನ್ಸ್ ಕಟ್ಟಿ ಅಂತ ಕೂರಬಾರದು. ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳಬಾರದು. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ಕೊಡಬಹುದು.

ಆ ನರ್ಸಿಂಗ್ ಹೋಮಿನಲ್ಲಿ ದರಪಟ್ಟಿ ಇತ್ತೋ ಇಲ್ವೋ? ಇತ್ತು. ಅಕ್ವೇರಿಯಂ ಹಿಂದೆ. ಗಾಜು, ನೀರು, ಮತ್ತೆ ಗಾಜು, ಆಚೆ ಪಟ್ಟಿ. ನಾನು ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದೆ. ಪಾಚಿ ಕಟ್ಟದ ಒಂದು ಕಡೆ 'ಪರ್ ಡೇ' ಅನ್ನುವಷ್ಟು ಇಂಗ್ಲಿಷಿನಲ್ಲಿ ಕಂಡಿತು. ಏನು ಪರ್ ಡೇ, ಎಷ್ಟು ಪರ್ ಡೇ ಅಂತ ತಿಳಿಯುವಷ್ಟರಲ್ಲಿ ಒಂದು ಕಿತ್ತಳೆ ಬಣ್ಣದ ದಪ್ಪ ಮೀನು ಬಂದು ಅಡ್ಡ ನಿಂತಿತು. ಪಕ್ಕದ ಬೆಂಚಿನ ಅಜ್ಜಿಯೊಬ್ಬರು 'ಮೀನ ನೋಡಾಕತ್ತೀಯೇನ ಮಗಾ, ಭಾಳ ಚಂದ ಅದಾವ' ಅಂದರು.

ಹೊರಗಿನ ಬೋರ್ಡಿನ ವಿಷಯಕ್ಕೆ ಬಂದರೆ ನಾವು ಬೆಳಗಾವಿಯವರು ಯಾರಿಗೂ ಕಮ್ಮಿ ಇಲ್ಲ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತು. ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊರಗಿನ ಅಕ್ಷರದ ಎತ್ತರವನ್ನು ಟೇಪು ಹಿಡಿದು ಅಳೆಯುವ ಜನ ನಮ್ಮಲ್ಲಿ ಇದ್ದಾರೆ, ಸಂತೋಷ. ಒಳಗೆ ಒಪ್ಪಿಗೆ ಪತ್ರ ಇಂಗ್ಲಿಷು, ಬಿಲ್ಲು ಇಂಗ್ಲಿಷು, ದರಪಟ್ಟಿ ಇಂಗ್ಲಿಷು. ಕಾಕಾ ಮೂರು ಕಡೆ ಹೆಬ್ಬೆಟ್ಟಿಗಿಂತ ಚೂರು ಚಂದದ ಸಹಿ ಹಾಕಿದರು. ಏನು ಬರೆದಿದೆ ಅಂತ ಕೇಳಿದ್ದಕ್ಕೆ 'ಎಲ್ಲಾರೂ ಹಾಕ್ತಾರ್ರಿ' ಅನ್ನುವ ಉತ್ತರ ಸಿಕ್ಕಿತು. ಅಳತೆ ಟೇಪು ಬಾಗಿಲು ದಾಟಿ ಒಳಗೆ ಬರುವುದಿಲ್ಲ.

ಬೋರ್ಡಿನ ಬಣ್ಣಕ್ಕೂ ಆದೇಶ ಇದೆ. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು, ಜೊತೆಗೆ ನೋಂದಣಿ ಸಂಖ್ಯೆ. ಇಲ್ಲಿ ನೀಲಿ ಬೋರ್ಡು ಇತ್ತು, ನೋಂದಣಿ ಸಂಖ್ಯೆಯ ಮೇಲೆ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಇತ್ತು. ಇನ್ನು ಎನ್‌ಎಬಿಎಚ್. ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಮಾನ್ಯತೆ ಅದು. ಬೇಕಾದವರು ಪಡೆಯುತ್ತಾರೆ, ಬೇಡದವರು ಬಿಡುತ್ತಾರೆ. ನಮ್ಮ ಮಾವ ಅದನ್ನು ಡಾಕ್ಟರರ ಡಿಗ್ರಿ ಅಂದುಕೊಂಡಿದ್ದ. 'ಎಂಬಿಬಿಎಸ್, ಎಂಡಿ, ಎನ್‌ಎಬಿಎಚ್, ಲಂಡನ್ನಿನ್ಯಾಗ ಕಲ್ತಾರ' ಅಂತ ಎದುರು ಬೆಡ್ಡಿನವರಿಗೆ ವಿವರಿಸುತ್ತಿದ್ದ. ಅವರು ಕೈ ಮುಗಿದರು.

ಮೊಬೈಲಿನ ನಕ್ಷತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದು ನಕ್ಷತ್ರ ಕೊಟ್ಟವರು ಕ್ಯಾಂಟೀನಿನ ಇಡ್ಲಿ ಹೊಗಳಿದ್ದರು.

ಬಿಪಿಎಲ್ ಕಾರ್ಡ್ ಇತ್ತಲ್ಲ, ಕಾಕಾ ಅದನ್ನು ಪ್ಲಾಸ್ಟಿಕ್ ಚೀಲದಿಂದ ಬಿಚ್ಚಿ ಕೌಂಟರಿನ ಮೇಲೆ ಇಟ್ಟರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಗೇಟಿನಲ್ಲಿ ಆ ಯೋಜನೆಯ ದೊಡ್ಡ ಬ್ಯಾನರೂ ಇತ್ತು. 'ಸ್ಕೀಮ್ ಐತ್ರಿ, ಸ್ಕೀಮಿನ ಬೆಡ್ ಖಾಲಿ ಇಲ್ರಿ' ಅಂದಳು ಹುಡುಗಿ. ಪಕ್ಕದ ಬೆಡ್ ಖಾಲಿ ಇತ್ತಲ್ಲಮ್ಮ ಅಂದೆ. ಅದು ರೊಕ್ಕದ ಬೆಡ್ ಅಂತೆ.

ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯವರು, ಕೆಲಸ ಚೆನ್ನಾಗಿ ಮಾಡಿದರು. ಇದನ್ನು ಹೇಳಲೇಬೇಕು. ಕಾಕಿ ಈಗ ವಾಕರ್ ಹಿಡಿದು ಅಂಗಳದಲ್ಲಿ ತಿರುಗಾಡಿ ಸೊಸೆಯ ಮೇಲೆ ಕೂಗಾಡುತ್ತಿದ್ದಾರೆ. ಕಾಕಾ ಡಾಕ್ಟರಿಗೆ ಒಂದು ಕಿಲೋ ಕುಂದಾ ಕೊಟ್ಟು ಬಂದರು. ಬಿಲ್ಲು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅದರಲ್ಲಿ ಬರೀ ಗ್ಲೌಸಿಗೆ ಒಂದು ಪುಟ. ಓದಿ ಹೇಳಿದಾಗ ಕಾಕಿ ಹಾಸಿಗೆಯಲ್ಲೇ ಎದ್ದು ಕೂತರು. 'ಇಷ್ಟು ಕೈಚೀಲಾ ಹಾಕ್ಕೊಳ್ಳಾಕ ಆ ಡಾಕ್ಟರಗ ಎಷ್ಟ ಕೈ ಅದಾವೋ? ಸವದತ್ತಿ ಎಲ್ಲಮ್ಮಗೂ ಇಷ್ಟಿಲ್ಲ.'

ದರಪಟ್ಟಿ ನೋಡಿ ತಾಳೆ ಹಾಕೋಣ ಅಂತ ಕೆಳಗೆ ಬಂದೆ. ಅಕ್ವೇರಿಯಂ ತೊಳೆಯಲು ಎತ್ತಿಟ್ಟಿದ್ದರು. ಹಿಂದಿನ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ವಾಚ್‌ಮನ್ನನ್ನು ಕೇಳಿದೆ.

'ಅದರ್‍ರಿ? ತೆಗದು ಒಳಗ ಇಟ್ಟೇವ್ರಿ. ಚೆಕಿಂಗಿಗೆ ಸಾಹೇಬ್ರು ಬಂದಾಗ ಹಾಕ್ತೀವ್ರಿ.'

'ಸಾಹೇಬ್ರು ಬರೋದು ನಿಮಗೆ ಹೆಂಗ ಗೊತ್ತಾಗತೈತಿ?'

'ಅವ್ರ ಆಫೀಸಿಂದನ ಫೋನ್ ಬರತೈತಲ್ರಿ ಸರ.'